ಹದಿನಾಲ್ಕು ನಿಮಿಷ

ಬೆಳಗಿನ ಏಳೂವರೆ. ಇನ್ನೂ ರಾತ್ರಿಯೇ.
ಕಯಾನಿಯ ಬೀದಿದೀಪಗಳ ಕೆಳಗೆ ಹಿಮ
ಹಳೆಯ ಪತ್ರಿಕೆಯ ಹಾಗೆ ಹಳದಿ ತಿರುಗಿದೆ.
ಮೂರನೆಯ ಮನೆ. ಫೋನು ಹೇಳುತ್ತದೆ:
ತೈಸ್ತೋ ಕರ್ಪಿನೆನ್, ಎಪ್ಪತ್ತೊಂದು, ಹದಿನಾಲ್ಕು ನಿಮಿಷ.
ಮಾತ್ರೆ ಕೊಡು. ನುಂಗಿದ್ದನ್ನು ನೋಡು. ಮನಸ್ಥಿತಿ ಬರೆ.

ನನ್ನ ಕೆಲಸದ ಹೆಸರಲ್ಲಿ 'ಲ್ಯಾಹಿ' ಅಂತ ಒಂದು ಪದವಿದೆ,
ಹತ್ತಿರ ಅಂತ ಅರ್ಥ.
ಎಷ್ಟು ಹತ್ತಿರ ಅಂತ ಯಾರೂ ಗೇಣು ಹಾಕಿ ತೋರಿಸಲಿಲ್ಲ.
ಕಲಿಸಿದ್ದು ಇಷ್ಟು: ಕುರ್ಚಿ ಎದುರಿಗೆ ಬೇಡ, ಓರೆಯಾಗಿರಲಿ;
ಬಾಗಿಲ ಕಡೆ ನೀನಿರು, ಆದರೆ ಅವರ ದಾರಿಗೆ ಅಡ್ಡ ಕೂರಬೇಡ;
ಕೋಟು ಬಿಚ್ಚು, ಹೊರಡುವ ಆತುರ ಕೋಟಿನಲ್ಲೇ ಕಾಣುತ್ತದೆ.

ಕೋಟು ಬಿಚ್ಚಿದೆ.
ಕಾಫಿ ಮಾಡೋಣವೇ ಅಂದೆ. ಆತ ಬೇಡವೆನ್ನುವ ಮೊದಲೇ
ಡಬ್ಬಿಯ ಮುಚ್ಚಳ ತೆರೆದಿತ್ತು.
ಕಪ್ಪು ಪುಡಿಯ ನಡುವೆ ಬಿಳಿ ಬಿಳಿ ಮಾತ್ರೆ,
ಯಾವುದೋ ಮಗು ಬಚ್ಚಿಟ್ಟ ಹಾಲುಹಲ್ಲುಗಳಂತೆ.

ಇಬ್ಬರೂ ಡಬ್ಬಿಯನ್ನೇ ನೋಡಿದೆವು.
ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು.

"ನುಂಗಿದರೆ ಲೆಂಪಿ ಮಾತಾಡುವುದಿಲ್ಲ," ಎಂದ.
ಲೆಂಪಿ ಅಕ್ಕ. ಸತ್ತು ಐವತ್ತು ವರ್ಷದ ಮೇಲಾಯಿತು.
ಗೋಡೆಯೊಳಗಿಂದ ಕೇಳುತ್ತಾಳಂತೆ,
ಒಲೆ ಆರಿಸಿದೆಯಾ, ಒಲೆ ಆರಿಸಿದೆಯಾ,
ಎದ್ದು ನೋಡಿದರೂ ಬಿಡುವುದಿಲ್ಲ, ಬೈಯುತ್ತಾಳೆ.
ಹಾಗಿದ್ದರೆ ಮಾತ್ರೆ ಒಳ್ಳೆಯದಲ್ಲವೇ, ಅಂದೆ.
ಆತ ನನ್ನನ್ನು ನೋಡಿದ ರೀತಿ
ಲೆಕ್ಕ ಬಾರದ ಹುಡುಗಿಯನ್ನು ಮೇಷ್ಟರು ನೋಡುವ ರೀತಿ:
"ನೀನು ಹದಿನಾಲ್ಕು ನಿಮಿಷ.
ಅವಳು ಇಡೀ ರಾತ್ರಿ."

ಧ್ವನಿಯ ಜೊತೆ ವಾದ ಬೇಡ, ಹೌದು ಅಂತಲೂ ಅನ್ನಬೇಡ,
ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.
"ನನಗೆ ಕೇಳಿಸುತ್ತಿಲ್ಲ. ನಿಮಗೆ ಕೇಳಿಸುತ್ತದೆ,
ಹೆದರಿಕೆಯೂ ಆಗುತ್ತದೆ. ಬನ್ನಿ, ನೋಡೋಣ."

ನಾಲ್ಕು ಗುಂಡಿ. ನಾಲ್ಕೂ ಸೊನ್ನೆಯ ಮೇಲೆ.
ಆತ ತಟ್ಟೆಯ ಮೇಲೆ ಅಂಗೈ ಇಟ್ಟ,
ಪಕ್ಕದ ತಟ್ಟೆಯ ಮೇಲೆ ನಾನು.
ತಣ್ಣಗಿತ್ತು. ಬಹಳ ಹೊತ್ತು ತಣ್ಣಗೇ ಇತ್ತು.
ನನ್ನ ಬೆರಳ ಸಂದಿಯಲ್ಲಿ ಸ್ಯಾನಿಟೈಸರಿನ ಬಿರುಕು,
ಆತನ ಉಗುರಲ್ಲಿ ಕಾಫಿಪುಡಿ.

ಆಮೇಲೆ ಕಷ್ಟದ್ದು:
"ಇದನ್ನು ನಾನು ಹೇಳಲೇಬೇಕಾಗುತ್ತದೆ.
ನಿಮ್ಮ ಬೆನ್ನ ಹಿಂದೆ ಅಲ್ಲ, ಇಲ್ಲೇ ನಿಂತು, ನಿಮ್ಮೆದುರಿಗೆ."
ಸಿಟ್ಟಾದ. ಕಿಟಕಿಗೆ ಮುಖ ತಿರುಗಿಸಿದ.
ನಾನು ಎಣಿಸಿ ಚೀಲಕ್ಕೆ ಹಾಕಿದೆ. ಹನ್ನೊಂದು.
"ಹನ್ನೆರಡು," ಅಂದ ಕಿಟಕಿಗೆ,
"ಒಂದು ಮೊನ್ನೆ ಕಾಫಿಯಲ್ಲಿ ಬೆಂದುಹೋಯಿತು."
ನಗಬಾರದಿತ್ತೇನೋ. ನಕ್ಕುಬಿಟ್ಟೆ.
ಗಾಜಿನಲ್ಲಿ ಆತನ ಭುಜವೂ ಅಲುಗಿದಂತಿತ್ತು.

ದಾದಿ ಮಾರ್ಕೆತ್ತಾಳಿಗೆ ಅಲ್ಲಿಂದಲೇ ಫೋನು ಮಾಡಿದೆ.
ಮಾತ್ರೆಯ ಮಾತು ಆಯಿತು. ಸಂಜೆಯ ಮಾತು ನಾನೇ ತೆಗೆದೆ:
ರಾತ್ರಿ ಉದ್ದವಾಗಿದೆ ಈ ಮನೆಯಲ್ಲಿ,
ಯಾರನ್ನಾದರೂ ಕಳಿಸಲು ಆದೀತೇ?
ನೋಡೋಣ ಅಂದಳು. ಅವಳ ಬಳಿಯೂ ಜನರಿಲ್ಲ.

ಮೂವತ್ತಾರು ನಿಮಿಷ. ತಡವಾದ ಕಾರಣ ಒತ್ತಿ:
ಬಿದ್ದರು. ಗಾಯ. ಶೌಚ. ಇತರೆ.
ಇತರೆ ಒತ್ತಿದೆ.
ಮನಸ್ಥಿತಿಯ ಚೌಕದಲ್ಲಿ ಆರು ಅಕ್ಷರ ಬರೆದು ಅಳಿಸಿ
'ಒಲೆಯ ಬಗ್ಗೆ ಮಾತಾಡಿದೆವು' ಎಂದು ಬರೆದೆ.
ಮುಂದಿನ ಮನೆಯಲ್ಲಿ ಹ್ಯುತ್ತಿನೆನ್ ಅಮ್ಮ
ಕಾಲುಚೀಲ ಹಿಡಿದು ಕಾಯುತ್ತಿದ್ದಳು, ಬೈಯಲು ಸಿದ್ಧಳಾಗಿ.

ಮೂರು ವಾರದ ಮೇಲೆ ಹೊಸ ಮಾತ್ರೆ, ಚಿಕ್ಕದು.
ಮಂಗಳವಾರ ಸಂಜೆ ಮಾತ್ರ ಒಬ್ಬ ಹುಡುಗ ಬರುತ್ತಾನೆ, ಇಸ್ಪೀಟಾಡುತ್ತಾನೆ,
ಸೋಲಲು ಬರುವುದಿಲ್ಲ ಅವನಿಗೆ.
ತೈಸ್ತೋ ನುಂಗಿದ, ಕೇಳದಿದ್ದರೂ
ನಾಲಗೆ ಎತ್ತಿ ತೋರಿಸಿದ.
ಆಮೇಲೆ ಗೋಡೆಯ ಕಡೆ ಕಿವಿಯಿಟ್ಟು ಕೂತ.
"ಏನೂ ಇಲ್ಲ," ಅಂದ. ಖಾಲಿ ಪೆಟ್ಟಿಗೆ ತೆರೆದವನ ಹಾಗೆ.
ಸ್ವಲ್ಪ ಹೊತ್ತು ಬಿಟ್ಟು: "ನೀನಾದರೂ ಕೇಳು."

ಲೆಂಪಿಯ ಸ್ವರ ನನಗೆ ಗೊತ್ತಿಲ್ಲ.
ನನ್ನ ಸ್ವರದಲ್ಲೇ ಕೇಳಿದೆ:
ಒಲೆ ಆರಿಸಿದಿರಾ?

"ಆರಿಸಿದ್ದೇನೆ ಮಾರಾಯ್ತಿ, ಆರಿಸಿದ್ದೇನೆ."

ಆದರೂ ಇಬ್ಬರೂ ಎದ್ದುಹೋಗಿ ನೋಡಿದೆವು.